ಪಟ್ಟಿ ಬಿಟ್ಟು ಪಥ್ಯ ಹೇಳಲು ಕಲಿತದ್ದು

ಆಯುರ್ವೇದ ಪ್ರಾಕ್ಟೀಸ್ ಶುರು ಮಾಡಿದ ಹೊಸತರಲ್ಲಿ ನನ್ನ ಮೇಜಿನ ಮೇಲೆ ವಿರುದ್ಧಾಹಾರದ, ಅಂದರೆ ಒಟ್ಟಿಗೆ ಅಥವಾ ಹಾಗೆ ತಿನ್ನಬಾರದ್ದರ, ಜೆರಾಕ್ಸ್ ಹಾಳೆಗಳ ಕಟ್ಟೊಂದು ಇರುತ್ತಿತ್ತು. ಮೀನು–ಹಾಲು, ಹಲಸು–ಹಾಲು, ಬಾಳೆಹಣ್ಣು–ಮಜ್ಜಿಗೆ, ಸಮತೂಕದ ಜೇನು–ತುಪ್ಪ, ಬಿಸಿ ಮಾಡಿದ ಜೇನು, ಕಂಚಿನ ಪಾತ್ರೆಯಲ್ಲಿ ಹತ್ತು ದಿನ ಇಟ್ಟ ತುಪ್ಪ, ಹೀಗೆ ಪುಟದ ತುಂಬ. ಮೈ ತುರಿಕೆ ಅಂತ ಯಾರೇ ಬಂದರೂ ಚೂರ್ಣದ ಜೊತೆ ಒಂದು ಹಾಳೆ ಕೈಗಿಡುತ್ತಿದ್ದೆ.

ನಮ್ಮದು ಕುಂದಾಪುರದ ಕಡೆಯ ಊರು, ಮೀನಿಲ್ಲದೆ ಊಟ ಇಳಿಯದ ಜಾಗ. ಅರವತ್ತು ದಾಟಿದ ಒಬ್ಬ ಅಮ್ಮ ಹಾಳೆ ಒಯ್ದವರು ತಿಂಗಳು ಬಿಟ್ಟು ಬಂದರು. ರವಿಕೆಯ ತೋಳು ಜೋತುಬಿದ್ದಿತ್ತು. "ಯಾವುದಕ್ಕೆ ಯಾವುದು ಆಗೂದಿಲ್ಲ ಅಂತ ನೆನಪಿರೂದಿಲ್ಲ ಡಾಕ್ಟ್ರೇ, ಅದಕ್ಕೆ ಎಲ್ಲಾ ಬಿಟ್ಟೆ" ಅಂದರು. ತಿಂಗಳಿಡೀ ಗಂಜಿ, ಉಪ್ಪಿನಕಾಯಿ. ತುರಿಕೆ ಹಾಗೇ ಇತ್ತು, ಮೈಯಲ್ಲಿ ತ್ರಾಣ ಮಾತ್ರ ಹೋಗಿತ್ತು. ತಪ್ಪು ಅವರದಲ್ಲ, ನನ್ನದು.

ಆ ರಾತ್ರಿ ಆಯುರ್ವೇದದ ಮೂಲಗ್ರಂಥ ಚರಕಸಂಹಿತೆಯ ಸೂತ್ರಸ್ಥಾನದ 26ನೇ ಅಧ್ಯಾಯ ತೆಗೆದು ಕೂತೆ. ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದನ್ನು ಆವತ್ತು ಮೊದಲ ಸಲ ನಿಧಾನವಾಗಿ ಓದಿದೆ. ಅಲ್ಲಿರುವುದು ಬರೀ ಪಟ್ಟಿಯಲ್ಲ, ವಾದ. ಚಿಲಿಚಿಮ ಎಂಬ ಒಂದು ಜಾತಿ ಬಿಟ್ಟು ಉಳಿದ ಮೀನನ್ನೆಲ್ಲ ಹಾಲಿನ ಜೊತೆ ತಿನ್ನಬಹುದು ಎನ್ನುತ್ತಾನೆ ಭದ್ರಕಾಪ್ಯ ಎಂಬ ಋಷಿ. ಗುರು ಆತ್ರೇಯ ಒಪ್ಪುವುದಿಲ್ಲ, ಕಾರಣ ಕೊಡುತ್ತಾನೆ: ಎರಡೂ ಮಧುರ ರಸ (ಸಿಹಿ ರುಚಿ), ಮಧುರ ವಿಪಾಕ (ಜೀರ್ಣವಾದ ಮೇಲೂ ಸಿಹಿಯ ಗುಣ), ಆದರೆ ಹಾಲು ಶೀತವೀರ್ಯ, ಮೀನು ಉಷ್ಣವೀರ್ಯ, ಅಂದರೆ ಒಂದರ ಶಕ್ತಿ ತಂಪು, ಇನ್ನೊಂದರದು ಬಿಸಿ. ವೀರ್ಯ ಎದುರುಬದುರಾಗಿ ರಕ್ತ ಕೆಡುತ್ತದೆ. ಎರಡೂ ಅಭಿಷ್ಯಂದಿ, ಅಂದರೆ ಜಿಗುಟು ಕಟ್ಟಿಸುವಂಥವು, ಆದ್ದರಿಂದ ಸ್ರೋತಸ್ಸು, ಅಂದರೆ ಮೈಯೊಳಗಿನ ಹರಿವಿನ ದಾರಿ, ಕಟ್ಟಿಕೊಳ್ಳುತ್ತದೆ.

ಔಷಧವನ್ನು ತೂಗುವ ತಕ್ಕಡಿಯೂ ಇದೇ, ಅಡುಗೆಯನ್ನು ತೂಗುವುದೂ ಇದೇ. ರಸ ನಾಲಿಗೆಗೆ ತಾಗಿದ ಕೂಡಲೇ ತಿಳಿಯುತ್ತದೆ. ವಿಪಾಕವನ್ನು ಜೀರ್ಣವಾದ ಮೇಲಿನ ಪರಿಣಾಮ ನೋಡಿಯೇ ಊಹಿಸಬೇಕು. ನೆಲ್ಲಿಕಾಯಿ ತಿಂದು ನೀರು ಕುಡಿದರೆ ಬಾಯಿ ಸಿಹಿಯಾಗುತ್ತದಲ್ಲ, ಅದೇ ಅದರ ಮಧುರ ವಿಪಾಕ ಎಂದು ಎಷ್ಟೋ ಜನ ಹೇಳುತ್ತಾರೆ. ಅದು ತಪ್ಪು. ಆ ಸಿಹಿ ಇನ್ನೂ ನಾಲಿಗೆಯ ಮೇಲೇ ಇದೆ, ಹೊಟ್ಟೆಗೆ ಇಳಿದೇ ಇಲ್ಲ. ಇನ್ನು ಪ್ರಭಾವಕ್ಕೆ, ಅಂದರೆ ರಸ, ವೀರ್ಯ, ವಿಪಾಕದಿಂದ ವಿವರಿಸಲಾಗದ ವಿಶೇಷ ಗುಣಕ್ಕೆ, ಚರಕ ಕೊಡುವ ಉದಾಹರಣೆ ನನಗೆ ಬಹಳ ಇಷ್ಟ. ಚಿತ್ರಮೂಲ, ದಂತಿ ಎಂಬ ಎರಡು ಮೂಲಿಕೆಗಳಿಗೂ ಖಾರದ ರಸ, ಖಾರದ ವಿಪಾಕ, ಉಷ್ಣ ವೀರ್ಯ. ಆದರೂ ಭೇದಿ ಮಾಡಿಸುವುದು ದಂತಿ ಮಾತ್ರ. ಲೆಕ್ಕಕ್ಕೆ ಸಿಗದ್ದೂ ಇದೆ ಎಂದು ಶಾಸ್ತ್ರವೇ ಒಪ್ಪಿಕೊಳ್ಳುತ್ತದೆ.

ನನ್ನ ಕಣ್ಣು ತೆರೆಸಿದ್ದು ಅಧ್ಯಾಯದ ಕೊನೆಯ ಭಾಗ. ಮೈಗೆ ಒಗ್ಗಿದ್ದರೆ, ಪ್ರಮಾಣ ಕಡಿಮೆಯಿದ್ದರೆ, ಜಠರಾಗ್ನಿ ಚುರುಕಾಗಿದ್ದರೆ, ವ್ಯಾಯಾಮ ಮಾಡಿ ಗಟ್ಟಿಯಾದ ಮೈಯಿದ್ದರೆ ವಿರುದ್ಧವೂ ಬಾಧಿಸುವುದಿಲ್ಲ ಎಂದಿದೆ. ಇದನ್ನು ನಾನು ಹಾಳೆಯಲ್ಲಿ ಹಾಕಿರಲೇ ಇಲ್ಲ.

ಮರುದಿನ ಕಟ್ಟು ಬಚ್ಚಲ ಒಲೆಗೆ ಹೋಯಿತು. ಈಗ ಮೊದಲು ಮೂರು ದಿನದ ಊಟ ಕೇಳುತ್ತೇನೆ: ಏನು, ಎಷ್ಟು, ಯಾವುದರ ಬೆನ್ನಿಗೆ ಯಾವುದು. ಆ ಅಮ್ಮನನ್ನೂ ಕೂರಿಸಿ ಕೇಳಿದೆ. ಮೊದಲಿನಿಂದಲೂ ರಾತ್ರಿ ಮೀನು ಸಾರು–ಅನ್ನ. ಗಂಟುನೋವಿಗೆ ಒಳ್ಳೆಯದು ಅಂತ ಯಾರೋ ಹೇಳಿದ್ದಕ್ಕೆ, ಕೈ ತೊಳೆದ ಕೂಡಲೇ ಒಂದು ಲೋಟ ಅರಿಸಿನ ಹಾಕಿದ ಹಾಲು; ಔಷಧ ಅಂತ ಅದನ್ನು ಗಂಜಿಯ ತಿಂಗಳಲ್ಲೂ ಬಿಟ್ಟಿರಲಿಲ್ಲ. ಹಾಲು ಶುರುವಾಗಿ ಆರು ತಿಂಗಳು, ತುರಿಕೆಗೆ ನಾಲ್ಕು. ನನ್ನ ಹಾಳೆಯಲ್ಲಿ ಅವರಿಗೆ ಬೇಕಾಗಿದ್ದದ್ದು ಒಂದೇ ಸಾಲು.

ಅದನ್ನೂ ಒಮ್ಮೆಲೇ ನಿಲ್ಲಿಸಲಿಲ್ಲ. ಅಭ್ಯಾಸವಾದ ಅಪಥ್ಯವನ್ನು ಕಾಲು ಕಾಲು ಭಾಗವಾಗಿ ಬಿಡಿಸಬೇಕು ಎನ್ನುವ ಕ್ರಮವೂ ಚರಕದಲ್ಲಿದೆ. ರಾತ್ರಿಯ ಲೋಟದಿಂದ ಕಾಲು ಭಾಗ ಕಡಿಮೆ ಮಾಡಿ ಬೆಳಿಗ್ಗೆಗೆ ಸೇರಿಸುತ್ತಾ ಹೋದೆವು. ಹತ್ತು ಹನ್ನೆರಡು ದಿನದಲ್ಲಿ ಹಾಲು ಪೂರ್ತಿ ಬೆಳಗಿಗೆ ಬಂತು, ಮೀನು ಮಧ್ಯಾಹ್ನಕ್ಕೆ. ಚರ್ಮದ ಡಾಕ್ಟರು ಬರೆದುಕೊಟ್ಟ ಮುಲಾಮು ನಿಲ್ಲಿಸಬೇಡಿ ಎಂದೂ ಹೇಳಿದ್ದೆ. ಎರಡು ತಿಂಗಳಲ್ಲಿ ತುರಿಕೆ ಇಳಿಯಿತು. ಮುಲಾಮಿನ ಪಾಲೆಷ್ಟು, ಪಥ್ಯದ ಪಾಲೆಷ್ಟು ಎಂದು ನಾನು ಬಿಡಿಸಿ ಹೇಳಲಾರೆ. ಹಾಗೆ ಹೇಳುವುದು ಪ್ರಾಮಾಣಿಕವಲ್ಲ.

ಔಷಧಕ್ಕೂ ಇದೇ ಎಚ್ಚರ ಬೇಕು. ಕೆಮ್ಮಿಗೆ ಕೊಡುವ ಸಿತೋಪಲಾದಿ ಚೂರ್ಣ ಜೇನಿನಲ್ಲಿ ಕಲಸಿ ನೆಕ್ಕಿ ಅಂದರೆ, ಕುದಿಯುವ ನೀರಿಗೆ ಜೇನು ಹಾಕಿ ಕುಡಿಯುವವರೇ ಹೆಚ್ಚು. ಅದಕ್ಕೆ ಬಾಯಲ್ಲಿ ಹೇಳುವುದು ಬಿಟ್ಟು, ಮೊದಲ ಡೋಸನ್ನು ನನ್ನೆದುರೇ ಅಂಗೈಯಲ್ಲಿ ಕಲಸಿಸಿ ನೆಕ್ಕಿಸುತ್ತೇನೆ.

ಆ ಅಮ್ಮ ಕೊನೆಯ ಸಲ ಬಂದಾಗ ಬಾಗಿಲವರೆಗೆ ಹೋದವರು ತಿರುಗಿ ನಿಂತರು.

"ತೆಂಗಿನಕಾಯಿ ಹಾಲೂ ಹಾಲೇ ಅಲ್ದಾ ಡಾಕ್ಟ್ರೇ? ಸಾರಿಗೆ ಹಾಕೂದಾ ಬೇಡ್ದಾ?"

ಮೀನಿನ ಜೊತೆ ಬೇಡ ಅಂದದ್ದು ಹಸುವಿನ ಹಾಲು, ಕಾಯಿಹಾಲು ಧಾರಾಳ ಹಾಕಿ ಅಂದೆ. ಬಂಗುಡೆ ಬಂದಿರಬಹುದು ಅಂತ ಚೀಲ ಹಿಡಿದು ಸೀದಾ ಮಾರ್ಕೆಟ್ ಕಡೆ ನಡೆದರು.