ಅವ್ವನನ್ನು ಕಾಳಿ ನದಿ ದಾಟಿಸಿದ ಅಷ್ಟಮಿ

ಹುಬ್ಬಳ್ಳಿಯ ಕಾರವಾರ ರಸ್ತೆಯಲ್ಲಿ ದಿನವೂ ಓಡಾಡುತ್ತಿದ್ದರೂ, ಆ ರಸ್ತೆಯ ಇನ್ನೊಂದು ತುದಿಗೆ ಹೋಗಿ ಎರಡು ದಿನ ಸುಮ್ಮನೆ ಇದ್ದು ಬರಬಹುದೆಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಅದುವರೆಗೆ ನಮ್ಮ ಕರಾವಳಿ ಪ್ರವಾಸವೆಂದರೆ ಶನಿವಾರ ಗೋಕರ್ಣ, ಸಂಜೆ ಮುರ್ಡೇಶ್ವರ, ಭಾನುವಾರ ಇಡಗುಂಜಿ ಮುಗಿಸಿ ರಾತ್ರಿ ಹನ್ನೊಂದಕ್ಕೆ ಮನೆ. ಸೋಮವಾರ ಕಚೇರಿಯಲ್ಲಿ ಕುಳಿತಾಗ ನೆನಪಿಗೆ ಬರುತ್ತಿದ್ದುದು ಚಪ್ಪಲಿ ಬಿಟ್ಟ ಜಾಗಗಳು ಮತ್ತು ಪಾರ್ಕಿಂಗ್ ಚೀಟಿಗಳು. ಕಾರು ಕಣ್ಣೆದುರಿಗೆ ನಿಂತಿರುವವರೆಗೆ ನಮ್ಮ ಮನೆಯಲ್ಲಿ ಯಾರೂ ಒಂದೆಡೆ ಕೂಡುವವರಲ್ಲ ಎಂಬುದು ಮನದಟ್ಟಾದ ಮೇಲೆ, ಕಾರನ್ನು ಈಚೆ ದಡದಲ್ಲಿ ಬಿಟ್ಟು ದೋಣಿ ಹತ್ತಲೇಬೇಕಾದ ಸ್ಥಳವನ್ನು ಹುಡುಕಿದೆ. ಹಾಗೆ ಸಿಕ್ಕಿದ್ದು ಕಾರವಾರದ ದೇವಬಾಗ.

ಎಲ್ಲರೂ ಅದನ್ನು ದ್ವೀಪವೆಂದೇ ಕರೆಯುತ್ತಾರಾದರೂ, ಕಟ್ಟುನಿಟ್ಟಾಗಿ ನೋಡಿದರೆ ಅದು ಕಾಳಿ ನದಿಗೂ ಅರಬ್ಬೀ ಸಮುದ್ರಕ್ಕೂ ನಡುವೆ ಸದಾಶಿವಗಡದ ಕಡೆಯಿಂದ ಚಾಚಿಕೊಂಡಿರುವ ಮರಳಿನ ನಾಲಿಗೆ. ಕಾರವಾರದ ಕೋಡಿಬಾಗದಿಂದ ದೋಣಿಯಲ್ಲಿ ದಾಟುವವರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಮೂರು ಕಡೆ ನೀರು, ನಡುವೆ ಗಾಳಿಮರದ ತೋಪು, ತೋಪಿನೊಳಗೆ ತಂಗುವ ಮನೆಗಳು.

ನನ್ನ ಮೊದಲ ಸಲದ ತಪ್ಪನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಗೆಳೆಯರ ಜೊತೆ ಹೋಗಿದ್ದ ಆ ಪ್ರವಾಸ ಅಮಾವಾಸ್ಯೆಗೆ ಬಿದ್ದಿತ್ತು, ನಾವು ದಡ ತಲುಪಿದಾಗ ಸಂಜೆ ಐದು ಗಂಟೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ದಿನಗಳಲ್ಲಿ ಸೂರ್ಯಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಕೂಡುವುದರಿಂದ ಉಬ್ಬರ ಹೆಚ್ಚು ಏರುತ್ತದೆ, ಇಳಿತವೂ ಅಷ್ಟೇ ಆಳಕ್ಕೆ ಇಳಿಯುತ್ತದೆ ಎಂಬುದನ್ನು ಶಾಲೆಯಲ್ಲಿ ಓದಿದ್ದೆನೇ ಹೊರತು ಅನುಭವಿಸಿರಲಿಲ್ಲ. ದೋಣಿ ನದಿಮುಖದ ಮರಳದಿಬ್ಬಕ್ಕೆ ತಾಗಿ ನಿಂತಿತು; ನಾವು ಪ್ಯಾಂಟು ಮಡಚಿ, ಚೀಲಗಳನ್ನು ತಲೆಯ ಮೇಲೆ ಹೊತ್ತು ಮೊಣಕಾಲುದ್ದದ ನೀರಿನಲ್ಲಿ ನಡೆದೆವು. ಗೆಳೆಯರಿಗೆ ಅದು ತಮಾಷೆಯಾಗಿತ್ತು. ಮೊಣಕಾಲು ನೋವಿನ ಎಪ್ಪತ್ತರ ಮುದುಕಿಗೆ ಆಗುವುದಿಲ್ಲ.

ಆದ್ದರಿಂದ ಅವ್ವನನ್ನು ಕರೆದೊಯ್ಯುವಾಗ ಮೊದಲು ತೆಗೆದದ್ದು ಪಂಚಾಂಗ. ಅಷ್ಟಮಿಯ ಆಸುಪಾಸಿನಲ್ಲಿ ಉಬ್ಬರ ಇಳಿತಗಳ ಅಂತರ ತಿಂಗಳಲ್ಲೇ ಕಡಿಮೆ ಇರುತ್ತದೆ. ಅದಕ್ಕೆ ಹೊಂದುವ ಶನಿವಾರವೊಂದನ್ನು ಫೆಬ್ರುವರಿಯಲ್ಲಿ ಗುರುತು ಹಾಕಿದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುವುದರಿಂದ ಶನಿವಾರದ ಲೆಕ್ಕ ಭಾನುವಾರಕ್ಕೆ ನಡೆಯುವುದಿಲ್ಲ. ತಂಗುವ ಮನೆಯವರಿಗೆ ಫೋನು ಮಾಡಿ ಎರಡೂ ದಿನ ದೋಣಿ ಎಷ್ಟು ಹೊತ್ತಿಗೆ ದಡಕ್ಕೆ ಸರಿಯಾಗಿ ತಾಗುತ್ತದೆ ಎಂದು ಕೇಳಿ ಬರೆದುಕೊಂಡೆ. ಕೋಣೆಯ ದರವನ್ನು ಕೇಳಿದ್ದು ಆಮೇಲೆ. ಮಳೆಗಾಲದಲ್ಲಂತೂ ಇಂಥ ಪ್ರವಾಸದ ಯೋಚನೆಯನ್ನೇ ಮಾಡಬಾರದು. ಜೂನ್ 1ರಿಂದ ಜುಲೈ 31ರವರೆಗೆ ಆಳಸಮುದ್ರದ ಯಾಂತ್ರಿಕ ಮೀನುಗಾರಿಕೆ ದೋಣಿಗಳೇ ದಡದಲ್ಲಿ ಕಟ್ಟಿಕೊಂಡಿರುತ್ತವೆ.

ಇನ್ನೊಂದು ತೊಡಕು ನೀರಿಗಿಂತ ಆಳವಾಗಿತ್ತು. ನಮ್ಮದು ಮೂಲತಃ ಹಾವೇರಿ ಜಿಲ್ಲೆ. 2019ರ ಜನವರಿ 21, ಬನದ ಹುಣ್ಣಿಮೆಯ ದಿನ, ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ ಹದಿನಾರು ಜನ ಸತ್ತರು. ಅವರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. ಬನಶಂಕರಿ ಜಾತ್ರೆಯ ಅದೇ ಹುಣ್ಣಿಮೆ ಬಂದಾಗಲೆಲ್ಲ ಅವ್ವ ಆ ಮಾತು ತೆಗೆಯುತ್ತಾಳೆ. ಪ್ರವಾಸದ ಸುದ್ದಿ ಎತ್ತಿದಾಗ ಅವಳು ಹೇಳಿದ್ದು ಒಂದೇ ಮಾತು: "ಯಪ್ಪಾ, ನೀವು ಹೋಗಿ ಬರ್ರಿ, ದೋಣ್ಯಾಗ ನಾ ಕೂಡಂಗಿಲ್ಲ."

ನಾನು ವಾದ ಮಾಡಲಿಲ್ಲ. ದೋಣಿಯಲ್ಲಿ ಎಷ್ಟು ಜನರನ್ನು ಕೂಡಿಸುತ್ತಾರೆ, ಲೈಫ್ ಜಾಕೆಟ್ ಎಲ್ಲರಿಗೂ ಇದೆಯೇ, ಮಗುವಿನ ಅಳತೆಯದು ಬೇರೆ ಇದೆಯೇ ಎಂಬ ಮೂರು ಪ್ರಶ್ನೆಗಳನ್ನು ಅವಳ ಎದುರಿಗೇ, ಫೋನಿನ ಧ್ವನಿ ಹೊರಗೆ ಕೇಳಿಸುವಂತೆ ಇಟ್ಟು ಕೇಳಿದೆ. ಎರಡು ದಿನದ ನಂತರ ಅವಳು ಶೇಂಗಾ ಹಿಂಡಿ ಕುಟ್ಟತೊಡಗಿದಾಗ ಒಪ್ಪಿಗೆ ಸಿಕ್ಕಿತೆಂದು ತಿಳಿದುಕೊಂಡೆ.

ಬೆಳಿಗ್ಗೆ ಐದೂವರೆಗೆ ಹೊರಟೆವು. ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ, ಅಲ್ಲಿಂದ ಬಲಕ್ಕೆ ಕಾರವಾರ. ಒಟ್ಟು ಸುಮಾರು 165 ಕಿಲೋಮೀಟರು. ಘಟ್ಟದಲ್ಲಿ ಲಾರಿಗಳ ಸಾಲು ಬೆಳೆಯುವ ಮೊದಲೇ ಇಳಿದುಬಿಟ್ಟರೆ ಅರ್ಧ ದಣಿವು ತಪ್ಪುತ್ತದೆ.

ಕೋಡಿಬಾಗದ ದಡದಲ್ಲಿ ಲೈಫ್ ಜಾಕೆಟ್ಟನ್ನು ಸೀರೆಯ ಮೇಲೆ ಕಟ್ಟುವುದೇ ಒಂದು ಕೆಲಸವಾಯಿತು. ಸೆರಗನ್ನು ಮೊದಲು ಸೊಂಟಕ್ಕೆ ಸಿಕ್ಕಿಸಿ, ಆಮೇಲೆ ಜಾಕೆಟ್ ತೊಡಿಸಿ, ಕೆಳಗಿನ ಪಟ್ಟಿಯನ್ನು ಮೊದಲು ಬಿಗಿಯಬೇಕು. ಮೇಲಿನದನ್ನು ಮೊದಲು ಬಿಗಿದರೆ ಕುಳಿತಾಗ ಅದು ಗದ್ದಕ್ಕೆ ಬಂದು ಒತ್ತುತ್ತದೆ. ಅವ್ವನನ್ನು ದೋಣಿಯ ನಡುಭಾಗದಲ್ಲಿ ಕೂಡಿಸಿ ಅವಳ ಎರಡೂ ಪಕ್ಕದಲ್ಲಿ ನಾನೂ ನನ್ನ ಹೆಂಡತಿಯೂ ಕುಳಿತೆವು. ದಾಟಲು ಹದಿನೈದು ನಿಮಿಷವೂ ಹಿಡಿಯಲಿಲ್ಲ. ನದಿಯ ಮೇಲ್ಗಡೆಗೆ 2024ರ ಆಗಸ್ಟ್ 7ರಂದು ಕುಸಿದುಬಿದ್ದ ಹಳೆಯ ಸೇತುವೆಯ ಜಾಗವನ್ನು ದೋಣಿಯವರು ತೋರಿಸುತ್ತಿದ್ದಾಗ, ಅವರ ಉತ್ಸಾಹ ಅವ್ವನ ಮುಂದೆ ಸ್ವಲ್ಪ ಕಡಿಮೆಯಿದ್ದರೆ ಒಳ್ಳೆಯದಿತ್ತು ಎನಿಸಿತು.

ಆಚೆ ದಡದಲ್ಲಿ ನಾವು ಮಾಡಿದ ಕೆಲಸಗಳ ಪಟ್ಟಿ ಬಹಳ ಚಿಕ್ಕದು. ಗಾಳಿಮರದ ನೆರಳಿನಲ್ಲಿ ಚಾಪೆ ಹಾಸಿ ಖಡಕ್ ರೊಟ್ಟಿ, ಹಿಂಡಿ, ಗಟ್ಟಿ ಮೊಸರು ಬಿಚ್ಚಿದೆವು. ಅಡುಗೆಮನೆಯವರು ಬಂಗಡೆ ಹುರಿದ ವಾಸನೆಗೆ ಮಗಳು ಎದ್ದು ಹೋದಳು, ಅವ್ವ ನೋಡಿಯೂ ನೋಡದಂತೆ ಇದ್ದಳು. ಮಧ್ಯಾಹ್ನ ನಿದ್ದೆ. ಸಂಜೆ ಸಮುದ್ರದ ಬದಿಯಲ್ಲಿ ಕಾಲು ನೆನೆಸಿದ್ದು. ನದಿ ಸಮುದ್ರಕ್ಕೆ ಸೇರುವ ತುದಿಯಲ್ಲಿ ಇಳಿತದ ಹೊತ್ತಿಗೆ ನದಿಯ ಹರಿವು, ಸಮುದ್ರದ ಸೆಳೆತ ಎರಡೂ ಒಂದೇ ದಿಕ್ಕಿಗೆ ಎಳೆಯುವುದರಿಂದ ಅಲ್ಲಿ ನೀರಿಗೆ ಇಳಿಯಲೇಬಾರದು. ಈ ಒಂದು ವಿಷಯದಲ್ಲಿ ಮಗಳ ಅಳುವಿಗೂ ನಾನು ಸೋಲಲಿಲ್ಲ.

ದಡದಲ್ಲಿ ಕುಳಿತಾಗ ದೂರದಲ್ಲಿ ಆಮೆಯ ಬೆನ್ನಿನಂತೆ ಕಾಣುತ್ತಿದ್ದ ಗುಡ್ಡವನ್ನು ತೋರಿಸಿ ಅವ್ವ, "ಅದ ಏನು?" ಎಂದಳು. ಕೂರ್ಮಗಡವೆಂದು ಸುಳ್ಳಿಲ್ಲದೆ ಹೇಳಿದೆ. ಅವಳು ಬಹಳ ಹೊತ್ತು ಅದನ್ನೇ ನೋಡಿ, ಕೈ ಮುಗಿದು, "ಎಷ್ಟ ಹತ್ರ ಐತಿ" ಎಂದಳು. ನಾನು ಏನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಹೆಂಡತಿ ಮತ್ತು ಮಗಳು ಡಾಲ್ಫಿನ್ ನೋಡಲು ದೋಣಿಯಲ್ಲಿ ಹೋದರು. ಈ ನದಿಮುಖದಲ್ಲಿ ಗೂನುಬೆನ್ನಿನ ಬೂದು ಡಾಲ್ಫಿನ್‌ಗಳು ಮೇಲೇಳುವುದುಂಟು, ಅವರಿಗೆ ಮೂರು ಕಂಡವು. ಅವ್ವ ಮತ್ತು ನಾನು ಹೋಗಲಿಲ್ಲ, ಹೋಗಬೇಕೆನಿಸಲೂ ಇಲ್ಲ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಚಪಲ್ ಯುದ್ಧನೌಕೆಯನ್ನೂ ಈ ಸಲ ಬೇಕೆಂದೇ ಬಿಟ್ಟಿದ್ದೆ. ಅದಕ್ಕಾಗಿ ಮಗಳು ಕಲಘಟಗಿಯವರೆಗೆ ಮುನಿಸಿಕೊಂಡಿದ್ದಳು.

ಹನ್ನೊಂದು ಗಂಟೆಯ ದೋಣಿಗೆ ಮರಳಿದೆವು, ಬೆಳಕಿರುವಾಗಲೇ ಘಟ್ಟ ಹತ್ತಲು ಅದು ಬೇಕಾಗಿತ್ತು. ಹತ್ತುವ ಮೊದಲು ಅವ್ವ ದೋಣಿಯವರನ್ನು ನಿಲ್ಲಿಸಿ, "ಎಷ್ಟ ಮಂದಿ ಅದಾರ, ಎಣಿಸಿ ನೋಡಪಾ" ಎಂದಳು. ಅವರು ನಗುತ್ತಲೇ ಎಣಿಸಿದರು. ಆಮೇಲೆ ಅವಳು ತನ್ನ ಪಕ್ಕದಲ್ಲಿ ಕುಳಿತಿದ್ದ, ನಮಗೆ ಗುರುತಿಲ್ಲದ ಒಬ್ಬ ಹೆಣ್ಣುಮಗಳ ಸೆರಗನ್ನು ಸರಿಸಿ, ಜಾಕೆಟ್ಟಿನ ಕೆಳಗಿನ ಪಟ್ಟಿಯನ್ನು ಮೊದಲು ಬಿಗಿದಳು.