ಫೂಟಿ: ನೋಡುವುದು ಹೇಗೆ, ಒದೆಯುವುದು ಹೇಗೆ?

ಮೆಲ್ಬರ್ನ್ ಕ್ರಿಕೆಟ್ ಮೈದಾನ ಅಂದ್ರೆ ನಮಗೆ ಬಾಕ್ಸಿಂಗ್ ಡೇ ಟೆಸ್ಟ್. ಆ ಊರಿನವರಿಗೆ ಅದು ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಫುಟ್‌ಬಾಲ್ ಮೈದಾನ. ಅಲ್ಲಿ ನಡೆಯೋದು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್, ಜನರ ಬಾಯಲ್ಲಿ 'ಫೂಟಿ'. ಕ್ರಿಕೆಟಿಗರ ಮೈ ಚಳಿಗಾಲದಲ್ಲಿ ಜಡ್ಡುಗಟ್ಟಬಾರದು, ಅದಕ್ಕೊಂದು ಆಟ ಬೇಕು ಅಂತ ಕ್ರಿಕೆಟಿಗ ಟಾಮ್ ವಿಲ್ಸ್ 1858ರಲ್ಲಿ ಪತ್ರಿಕೆಗೆ ಬರೆದಿದ್ದರು. ಮರುವರ್ಷವೇ ಮೆಲ್ಬರ್ನ್‌ನಲ್ಲಿ ನಿಯಮಗಳು ಸಿದ್ಧವಾದವು.

ಮೊದಲ ಸಲ ನೋಡಿದವರಿಗೆ ಇದು ಬರೀ ನೂಕುನುಗ್ಗಲು ಅನಿಸುತ್ತದೆ. ಅಂಪೈರ್ ಯಾಕೆ ಸೀಟಿ ಊದಿದರು ಅಂತಲೇ ತಿಳಿಯುವುದಿಲ್ಲ. ಎಲ್ಲ ಆಟಗಾರರ ಮೇಲೂ ಕಣ್ಣಿಡಲು ಹೋಗಬೇಡಿ. ಚೆಂಡು ಯಾರ ಕೈಯಲ್ಲಿದೆ, ಅವರು ಅದನ್ನು ಹೇಗೆ ಬಿಡುತ್ತಾರೆ, ಅದನ್ನಷ್ಟೇ ನೋಡಿ. ಮುಕ್ಕಾಲು ಪಾಲು ನಿಯಮ ಅಲ್ಲೇ ಇದೆ.

1. ಮೈದಾನ ಮತ್ತು ಕಂಬಗಳು

ಮೈದಾನ ಅಂಡಾಕಾರ, ಚೆಂಡೂ ಅಂಡಾಕಾರ. ಒಂದು ತಂಡದಿಂದ 18 ಮಂದಿ ಕಣದಲ್ಲಿ ಇರುತ್ತಾರೆ. 20 ನಿಮಿಷದ ನಾಲ್ಕು ಕ್ವಾರ್ಟರ್. ನಡುವೆ ನಿಂತ ಸಮಯವನ್ನೂ ಸೇರಿಸುವುದರಿಂದ ಪ್ರತಿ ಕ್ವಾರ್ಟರ್ ಅರ್ಧ ಗಂಟೆಯ ಹತ್ತಿರ ಹೋಗುತ್ತದೆ. ಆಫ್‌ಸೈಡ್ ಇಲ್ಲ, ಗೋಲ್‌ಕೀಪರ್ ಕೂಡ ಇಲ್ಲ.

ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಎತ್ತರ, ಆಚೀಚಿನವು ಗಿಡ್ಡ. ಕಂಬದಿಂದ ಕಂಬಕ್ಕೆ 6.4 ಮೀಟರ್.

2. ಅಂಕ ಲೆಕ್ಕ ಹಾಕುವುದು

ಎತ್ತರದ ಎರಡು ಕಂಬಗಳ ನಡುವೆ ಚೆಂಡನ್ನು ಒದ್ದು ಕಳಿಸಿದರೆ ಗೋಲ್, 6 ಅಂಕ. ಉರುಳಿಕೊಂಡು ಹೋದರೂ ಪರವಾಗಿಲ್ಲ, ಆದರೆ ಒದ್ದ ಮೇಲೆ ದಾರಿಯಲ್ಲಿ ಯಾರ ಕೈಯೂ ತಾಗಿರಬಾರದು. ತಾಗಿದರೆ, ಅಥವಾ ಚೆಂಡು ಗೋಲ್ ಕಂಬಕ್ಕೆ ಬಡಿದರೆ, ಇಲ್ಲವೇ ಎತ್ತರದ ಕಂಬಕ್ಕೂ ಪಕ್ಕದ ಗಿಡ್ಡ ಕಂಬಕ್ಕೂ ನಡುವೆ ಹೋದರೆ 'ಬಿಹೈಂಡ್', 1 ಅಂಕ. ಗುರಿ ತಪ್ಪಿದ್ದಕ್ಕೂ ಒಂದು ಅಂಕ ಕೊಡುವ ಉದಾರಿ ಆಟ ಇದು! ಗೋಲ್ ಅಂಪೈರ್ ಎರಡು ಬೆರಳು ತೋರಿಸಿದರೆ ಗೋಲ್, ಒಂದೇ ಬೆರಳಾದರೆ ಬಿಹೈಂಡ್.

ಫಲಕದಲ್ಲಿ 10.8 (68) ಅಂತ ಕಂಡರೆ ಹತ್ತು ಗೋಲ್, ಎಂಟು ಬಿಹೈಂಡ್, ಒಟ್ಟು 68 ಅಂತ ಓದಿಕೊಳ್ಳಿ. ಇದು 2010ರ ಗ್ರ್ಯಾಂಡ್ ಫೈನಲ್‌ನಲ್ಲಿ, ಅಂದರೆ ಲೀಗ್‌ನ ಅಂತಿಮ ಪಂದ್ಯದಲ್ಲಿ, ಸೇಂಟ್ ಕಿಲ್ಡಾ ತಂಡದ ಸ್ಕೋರ್. ಎದುರಾಳಿ ಕಾಲಿಂಗ್‌ವುಡ್ 9.14, ಅದೂ 68. ಕೊನೆಯ ಗಳಿಗೆಯಲ್ಲಿ ಸೇಂಟ್ ಕಿಲ್ಡಾದ ಲೆನ್ನಿ ಹೇಸ್ ಒದ್ದ ಚೆಂಡು ಗೋಲ್ ಎದುರು ನೆಲಕ್ಕೆ ಬಿತ್ತು. ಅದೇ ತಂಡದ ಸ್ಟೀಫನ್ ಮಿಲ್ನ್ ಅದರ ಹಿಂದೆಯೇ ಓಡುತ್ತಿದ್ದರು. ಚೆಂಡು ಅಡ್ಡಾದಿಡ್ಡಿ ಪುಟಿದು ಅವರ ಕೈ ತಪ್ಪಿಸಿ ಬಿಹೈಂಡ್ ಗೆರೆ ದಾಟಿತು. ಆ ಒಂದು ಅಂಕದಿಂದ ಪಂದ್ಯ ಸಮವಾಯಿತು. ಮುಂದಿನ ವಾರ ಮತ್ತೆ ಆಡಿಸಿದಾಗ ಕಾಲಿಂಗ್‌ವುಡ್ 56 ಅಂಕಗಳಿಂದ ಗೆದ್ದಿತು. ಈಗ ಫೈನಲ್ ಸಮವಾದರೆ ಹೆಚ್ಚುವರಿ ಸಮಯ ಕೊಡುತ್ತಾರೆ.

3. ಚೆಂಡನ್ನು ಸಾಗಿಸುವುದು

ಎಸೆಯುವಂತಿಲ್ಲ. ಒದೆಯಬೇಕು, ಇಲ್ಲವೇ 'ಹ್ಯಾಂಡ್‌ಬಾಲ್' ಮಾಡಬೇಕು. ಅಂದರೆ ಚೆಂಡನ್ನು ಒಂದು ಅಂಗೈ ಮೇಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಬೇಕು. ಹೆಬ್ಬೆರಳು ಮುಷ್ಟಿಯ ಹೊರಗಿರಲಿ, ಒಳಗೆ ಸೇರಿಸಿದರೆ ನೋವು ಗ್ಯಾರಂಟಿ.

ಚೆಂಡು ಹಿಡಿದು ಓಡಬಹುದು, ಆದರೆ 15 ಮೀಟರ್‌ಗೆ ಒಮ್ಮೆ ನೆಲಕ್ಕೆ ಪುಟಿಸಬೇಕು ಅಥವಾ ಮುಟ್ಟಿಸಬೇಕು. ಕ್ರಿಕೆಟ್ ಪಿಚ್‌ನ ಉದ್ದ 20 ಮೀಟರ್ ಚಿಲ್ಲರೆ ಅಂತ ನೆನೆದರೆ ಅಂದಾಜು ಸಿಗುತ್ತದೆ.

4. ಮಾರ್ಕ್: ಆಟದ ಸೊಗಸೆಲ್ಲ ಇಲ್ಲೇ

ಕನಿಷ್ಠ 15 ಮೀಟರ್ ಸಾಗಿ ಬಂದ ಒದೆತವನ್ನು ಯಾರೂ ಮುಟ್ಟುವ ಮೊದಲೇ ಕ್ಯಾಚ್ ಹಿಡಿದರೆ ಅದು 'ಮಾರ್ಕ್'. ಹಿಡಿದವರು ನಿಂತು, ಉಸಿರೆಳೆದು, ಅಡ್ಡಿಯಿಲ್ಲದೆ ಒದೆಯಬಹುದು. ಎದುರಾಳಿಗೆ ಅಂಪೈರ್ 'ಸ್ಟ್ಯಾಂಡ್' ಅಂತ ಕೂಗಿದರೆ ಅವರು ಅಲ್ಲಾಡುವಂತಿಲ್ಲ. ಅಲ್ಲಾಡಿದರೆ 50 ಮೀಟರ್ ದಂಡ: ಒದೆಯುವವರು ಅಷ್ಟು ದೂರ ಮುಂದೆ ಹೋಗಿ ಒದೆಯುತ್ತಾರೆ.

ಮಾರ್ಕ್‌ಗಾಗಿ ಹಾರುವಾಗ ಇನ್ನೊಬ್ಬರ ಬೆನ್ನು, ಹೆಗಲ ಮೇಲೆ ಮೊಣಕಾಲಿಟ್ಟು ಏರಿದರೂ ತಪ್ಪಲ್ಲ, ಕಣ್ಣು ಚೆಂಡಿನ ಮೇಲಿದ್ದರೆ ಸಾಕು. ಇದಕ್ಕೆ 'ಸ್ಪೆಕ್ಕಿ' ಅಂತಾರೆ. ನನ್ನನ್ನು ಕೇಳಿದರೆ ಗೋಲ್‌ಗಿಂತ ಇದನ್ನು ನೋಡೋದಕ್ಕೇ ಟಿಕೆಟ್ ತಗೋಬಹುದು.

5. ಜಗಳ ಜಾಸ್ತಿ ಆಗುವ ನಿಯಮ

ಚೆಂಡು ಹಿಡಿದವರನ್ನು ಭುಜದ ಕೆಳಗೆ, ಮೊಣಕಾಲಿನ ಮೇಲೆ ಹಿಡಿದು ತಡೆಯಬಹುದು. ಕತ್ತಿಗೆ ಕೈ ಹಾಕಿದರೆ, ಹಿಂದಿನಿಂದ ನೂಕಿದರೆ ಫ್ರೀ ಕಿಕ್.

ಗ್ಯಾಲರಿಯಿಂದ ಸಾವಿರಾರು ಜನ ಒಮ್ಮೆಲೇ 'ಬಾಲ್!' ಅಂತ ಅರಚುವುದು ಕೇಳಿದರೆ ಅದು 'ಹೋಲ್ಡಿಂಗ್ ದ ಬಾಲ್' ಕೊಡಿ ಅನ್ನುವ ಒತ್ತಾಯ. ಅಂಪೈರ್ ಇಲ್ಲಿ ಕೇಳಿಕೊಳ್ಳುವ ಪ್ರಶ್ನೆ ಒಂದೇ. ಸಿಕ್ಕಿಬೀಳುವ ಮೊದಲು ಚೆಂಡು ಬಿಡಲು ಇವರಿಗೆ ಅವಕಾಶ ಇತ್ತಾ? ಇದ್ದೂ ಸರಿಯಾಗಿ ಒದೆಯದೆ, ಗುದ್ದದೆ ಸಿಕ್ಕಿಬಿದ್ದರೆ ಫ್ರೀ ಕಿಕ್ ಎದುರಾಳಿಗೆ. ಅವಕಾಶವೇ ಇರಲಿಲ್ಲ, ಬಿಡಲು ಪ್ರಯತ್ನವನ್ನಾದರೂ ಮಾಡಿದರು ಅಂದ್ರೆ ತಪ್ಪಿಲ್ಲ. ಚೆಂಡು ಸಿಕ್ಕಿಹಾಕಿಕೊಂಡಿದ್ದರೆ ಅಂಪೈರ್ ಅದನ್ನು ಮೇಲಕ್ಕೆ ಹಾರಿಸಿ ಆಟ ಮತ್ತೆ ಶುರು ಮಾಡುತ್ತಾರೆ. 'ಅವಕಾಶ' ಇತ್ತೋ ಇಲ್ಲವೋ ಅನ್ನೋದು ಕಣ್ಣಳತೆಯ ತೀರ್ಮಾನ, ಹಾಗಾಗಿ ಎರಡೂ ಕಡೆಯವರಿಗೆ ಒಪ್ಪಿಗೆಯಾಗುವುದು ಅಪರೂಪ.

6. ನೀವೇ ಒದೆಯಬೇಕಾ?

'ಡ್ರಾಪ್ ಪಂಟ್' ಕಲಿಯಿರಿ, ಉಳಿದ ಒದೆತಗಳು ಆಮೇಲೆ. ಚೆಂಡನ್ನು ನೆಟ್ಟಗೆ, ಒಂದು ಚೂಪು ತುದಿ ನೆಲದ ಕಡೆ ಇರುವಂತೆ ಹಿಡಿಯಿರಿ. ಬಲಗಾಲಿನವರು ಬಲಗೈಯಿಂದಲೇ ಅದನ್ನು ಕೆಳಕ್ಕೆ ಬಿಡಬೇಕು. ಮೇಲಕ್ಕೆ ಎಸೆಯಬೇಡಿ, ಬೀಳುವಾಗ ಓರೆಯಾಗಲೂ ಬಿಡಬೇಡಿ. ಪಾದ ಮುಂದಕ್ಕೆ ಚಾಚಿ ಬಿಗಿಯಾಗಿಟ್ಟು, ಕೆಳತುದಿಗೆ ಪಾದದ ಮೇಲ್ಭಾಗದಿಂದ ಒದೆಯಿರಿ. ಸರಿಯಾಗಿ ತಗುಲಿದರೆ ಚೆಂಡು ಹಿಮ್ಮುಖವಾಗಿ ಸುತ್ತುತ್ತಾ ನೇರವಾಗಿ ಹೋಗುತ್ತದೆ, ಹಿಡಿಯುವವರಿಗೂ ಸುಲಭ. ಪಕ್ಕಕ್ಕೆ ಹಾರುತ್ತಿದ್ದರೆ ಕಾಲನ್ನು ಬೈಯುವ ಮೊದಲು ಕೈಯನ್ನು ನೋಡಿ. ಹೊಸಬರ ಸಮಸ್ಯೆ ಸಾಮಾನ್ಯವಾಗಿ ಚೆಂಡು ಬಿಡುವುದರಲ್ಲೇ ಇರುತ್ತದೆ.

ಆಸ್ಟ್ರೇಲಿಯಾದಲ್ಲಿರುವ ಕನ್ನಡಿಗರು ಮಕ್ಕಳನ್ನು ಆಟಕ್ಕೆ ಹಚ್ಚಬೇಕೆಂದರೆ ಪ್ರಾಥಮಿಕ ಶಾಲೆಯ ವಯಸ್ಸಿನವರಿಗೆ 'ಆಸ್ಕಿಕ್' ತರಬೇತಿ ಇದೆ. ದೊಡ್ಡವರಿಗೆ 'ಎಎಫ್‌ಎಲ್ (ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್) ನೈನ್ಸ್', ಅಂದರೆ ಒಂಬತ್ತು ಜನರ ತಂಡದ ಆಟ. ಅದರಲ್ಲಿ ಟ್ಯಾಕಲ್ (ಮೈ ಹಿಡಿದು ತಡೆಯುವುದು) ಇಲ್ಲ, ಹಾಗಾಗಿ ಸೋಮವಾರ ಕುಂಟುತ್ತಾ ಆಫೀಸಿಗೆ ಹೋಗುವ ಭಯ ಸ್ವಲ್ಪ ಕಡಿಮೆ.