ನೂರಾರು ಚಾನೆಲ್‌ಗಳ ಕಂಪನ ನಿಗಾ ವ್ಯವಸ್ಥೆಗೆ ತಂತ್ರಾಂಶ ರೂಪಿಸುವ ಬಗೆ

ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದಂತಹ ದೊಡ್ಡ ಸ್ಥಾವರದಲ್ಲಿ ಟರ್ಬೈನ್ ಮತ್ತು ಜನರೇಟರ್‌ಗಳ ಬೇರಿಂಗ್‌ಗಳ ಜೊತೆಗೆ ಬಾಯ್ಲರ್ ಫೀಡ್ ಪಂಪ್, ಹೊಗೆ ಎಳೆಯುವ ಐಡಿ ಮತ್ತು ಗಾಳಿ ಊದುವ ಎಫ್‌ಡಿ ಫ್ಯಾನ್, ಕಲ್ಲಿದ್ದಲು ಅರೆಯುವ ಮಿಲ್ಲುಗಳನ್ನೂ ಲೆಕ್ಕಕ್ಕೆ ಹಿಡಿದರೆ ಕಂಪನ ಅಳೆಯಬೇಕಾದ ಜಾಗಗಳು ನೂರಾರಾಗುತ್ತವೆ. ಎಂಟು ಚಾನೆಲ್‌ಗಳಿಗೆ, ಅಂದರೆ ಎಂಟು ಸೆನ್ಸರ್‌ಗಳ ಸಂಕೇತಗಳಿಗೆ, ಬರೆದ ಪ್ರೋಗ್ರಾಂ ಅನ್ನು ಹಾಗೆಯೇ ಹಿಗ್ಗಿಸಿ 256 ಚಾನೆಲ್‌ಗಳಿಗೆ ಹೊಂದಿಸಲು ಹೊರಟವರು ಮೊದಲು ಕಂಪನವನ್ನು ಆವರ್ತನಗಳಾಗಿ ಬಿಡಿಸುವ ಎಫ್‌ಎಫ್‌ಟಿ ಲೆಕ್ಕಾಚಾರದ ಭಾರವನ್ನು ಕುರಿತು ಚಿಂತಿಸುತ್ತಾರೆ. ಇಂದಿನ ಸಾಧಾರಣ ಸರ್ವರ್‌ಗೆ ಅದು ಭಾರವೇ ಅಲ್ಲ. ಪರದೆಯ ಮೇಲಿನ ಪ್ರತಿಯೊಂದು ಅಂಕಿಯೂ ಯಾವ ಬೇರಿಂಗ್‌ನದು, ಯಾವ ಕ್ಷಣದ್ದು, ನಂಬಲು ಅರ್ಹವೇ ಎಂಬ ಮೂರು ಪ್ರಶ್ನೆಗಳಿಗೆ ಸದಾ ಉತ್ತರ ಸಿಗುವಂತೆ ಮಾಡುವುದೇ ನಿಜವಾಗಿ ಕಷ್ಟದ ಕೆಲಸ, ಮತ್ತು ವಿನ್ಯಾಸ ಅಲ್ಲಿಂದಲೇ ಆರಂಭವಾಗಬೇಕು.

ಕೋಡ್ ಬರೆಯುವ ಮುನ್ನ ದತ್ತಾಂಶದ ಹರಿವನ್ನು ಕಾಗದದ ಮೇಲೆ ಲೆಕ್ಕ ಹಾಕಿಕೊಳ್ಳಿ. ಪ್ರತಿ ಚಾನೆಲ್‌ಗೆ ಸೆಕೆಂಡಿಗೆ 51,200 ಮಾದರಿಗಳಂತೆ (ಅಳತೆಗಳಂತೆ), ಪ್ರತಿ ಮಾದರಿಗೆ 4 ಬೈಟ್ ಹಿಡಿದರೆ, 256 ಚಾನೆಲ್‌ಗಳಿಂದ ಸೆಕೆಂಡಿಗೆ ಸುಮಾರು 52 ಮೆಗಾಬೈಟ್, ದಿನಕ್ಕೆ ಸುಮಾರು 4.5 ಟೆರಾಬೈಟ್ ಬರುತ್ತದೆ. ಎಲ್ಲ ಚಾನೆಲ್‌ಗಳಿಗೂ ಇಷ್ಟು ವೇಗ ಬೇಕಾಗಿಲ್ಲ. ರೋಲಿಂಗ್ ಬೇರಿಂಗ್‌ನ ಆರಂಭಿಕ ದೋಷ ಹಲವು ಕಿಲೋಹರ್ಟ್ಸ್‌ಗಳ ಮಟ್ಟದಲ್ಲಿ ಕಾಣಿಸಿಕೊಳ್ಳುವುದರಿಂದ ಅಲ್ಲಿ ಅಧಿಕ ವೇಗ ಅಗತ್ಯ. ಆದರೆ ನಿಮಿಷಕ್ಕೆ 3000 ಸುತ್ತು ತಿರುಗುವ ಟರ್ಬೈನ್ ಶಾಫ್ಟ್‌ನ ಚಲನೆಯನ್ನು ನೋಡುವ ಪ್ರಾಕ್ಸಿಮಿಟಿ ಪ್ರೋಬ್‌ಗೆ ಅದರ ಒಂದು ಸಣ್ಣ ಪಾಲು ಸಾಕು.

ಮುಂದಿನ ಹೆಜ್ಜೆ ಚಾನೆಲ್ ಕೋಷ್ಟಕ. ಇಡೀ ತಂತ್ರಾಂಶದಲ್ಲಿ ಅತ್ಯಂತ ಎಚ್ಚರಿಕೆಯಿಂದ ರೂಪಿಸಬೇಕಾದ ಭಾಗ ಇದೇ ಎಂಬುದು ನನ್ನ ದೃಢ ಅಭಿಪ್ರಾಯ. ಯಂತ್ರ, ಬೇರಿಂಗ್, ಅಳತೆಯ ದಿಕ್ಕು, ಸೆನ್ಸರ್‌ನ ಬಗೆ, ಅದರ ಸಂವೇದನಾಂಕ (ಎಷ್ಟು ಕಂಪನಕ್ಕೆ ಎಷ್ಟು ವೋಲ್ಟ್ ಎಂಬುದು), ಏಕಮಾನ, ಮಾದರಿ ವೇಗ, ಫಿಲ್ಟರ್, ಅಲಾರಂ ಮಿತಿ ಇವೆಲ್ಲ ಒಂದೇ ಕಡೆ ಇರಬೇಕು. ಅವುಗಳಲ್ಲಿ ಯಾವುದನ್ನೂ ಕೋಡ್‌ನ ಒಳಗೆ ಹುದುಗಿಸಬಾರದು. ಒಂದು ಸಾಲು ಬದಲಾದಾಗ ಹಳೆಯದನ್ನು ಅಳಿಸದೆ, ಹೊಸ ಆವೃತ್ತಿ ಯಾವ ಕ್ಷಣದಿಂದ ಜಾರಿಗೆ ಬಂತು ಎಂಬುದನ್ನು ದಾಖಲಿಸಿ, ಸಂಗ್ರಹವಾಗುವ ಪ್ರತಿಯೊಂದು ದತ್ತಾಂಶ ಖಂಡಕ್ಕೂ ಆ ಆವೃತ್ತಿಯ ಸಂಖ್ಯೆಯನ್ನು ಅಂಟಿಸಿ. ಹಾಗೆ ಮಾಡದಿದ್ದರೆ, ಸೆನ್ಸರ್ ಬದಲಿಸಿದ್ದರಿಂದ ಬಂದ ಏರಿಕೆಯನ್ನು ವರ್ಷದ ನಂತರ ಯಾರೋ ಬೇರಿಂಗ್‌ನ ಸವೆತವೆಂದು ಓದುವ ಅಪಾಯವಿರುತ್ತದೆ.

ಸೆನ್ಸರ್‌ಗಳಿಂದ ಸಂಗ್ರಹಣೆ, ಸಂಸ್ಕರಣೆ, ಡಿಸ್ಕ್‌ನಲ್ಲಿ ಶೇಖರಣೆ ಮತ್ತು ಪ್ರದರ್ಶನವನ್ನು ಪ್ರತ್ಯೇಕ ಹಂತಗಳಾಗಿ ಇರಿಸಿ, ಅವುಗಳ ನಡುವೆ ಗಾತ್ರ ನಿಗದಿಯಾದ ಕ್ಯೂಗಳನ್ನು (ದತ್ತಾಂಶ ಸರದಿಯಲ್ಲಿ ಕಾಯುವ ಜಾಗಗಳನ್ನು) ಬಳಸಿ. ಚಾನೆಲ್‌ಗೊಂದು ಥ್ರೆಡ್ (ಏಕಕಾಲಕ್ಕೆ ನಡೆಯುವ ಕೆಲಸದ ಎಳೆ) ಸೃಷ್ಟಿಸುವುದು ಬೇಡ. ಸೆನ್ಸರ್‌ಗಳ ಸಂಕೇತ ಪಡೆಯುವ ಹಾರ್ಡ್‌ವೇರ್ ಮಾಡ್ಯೂಲ್‌ಗೊಂದು ಓದುವ ಥ್ರೆಡ್ ಮತ್ತು ಸಂಸ್ಕರಣೆಗೆ ಪ್ರೊಸೆಸರ್ ಕೋರ್‌ಗಳ ಸಂಖ್ಯೆಗೆ ಹೊಂದುವ ಥ್ರೆಡ್ ಗುಂಪು ಸಾಕಾಗುತ್ತದೆ. ಓದುವ ಥ್ರೆಡ್ ಎಂದಿಗೂ ಡಿಸ್ಕ್‌ಗಾಗಿ ಅಥವಾ ಪರದೆಗಾಗಿ ಕಾಯಬಾರದು. ಕ್ಯೂ ತುಂಬಿ ದತ್ತಾಂಶವನ್ನು ಕೈಬಿಡುವ ಪ್ರಸಂಗ ಬಂದಾಗ ಏನನ್ನು ಬಿಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿ, ಪರದೆಗೆ ಹೋಗುವುದನ್ನು ಮೊದಲು ಬಿಟ್ಟು, ಬಿಟ್ಟ ಅವಧಿಯನ್ನು ಖಾಲಿ ಜಾಗವೆಂದೇ ಗುರುತಿಸಿ. ಎರಡು ತುದಿಗಳನ್ನು ಸದ್ದಿಲ್ಲದೆ ಹೊಲಿದುಬಿಟ್ಟರೆ ಸ್ಪೆಕ್ಟ್ರಂನಲ್ಲಿ ಯಂತ್ರದಲ್ಲಿಲ್ಲದ ಆವರ್ತನಗಳು ಹುಟ್ಟಿಕೊಳ್ಳುತ್ತವೆ.

ಕಾಲದ ವಿಷಯದಲ್ಲಿ ಸಡಿಲಿಕೆ ಸಲ್ಲದು. ನಿಮಿಷಕ್ಕೆ 3000 ಸುತ್ತು ಎಂದರೆ ಒಂದು ಸುತ್ತಿಗೆ 20 ಮಿಲಿಸೆಕೆಂಡ್, ಅಂದರೆ ಒಂದು ಡಿಗ್ರಿಗೆ ಸುಮಾರು 56 ಮೈಕ್ರೋಸೆಕೆಂಡ್. ಎರಡು ಮಾಡ್ಯೂಲ್‌ಗಳ ಗಡಿಯಾರಗಳು ಒಂದೇ ಒಂದು ಮಿಲಿಸೆಕೆಂಡ್‌ನಷ್ಟು ಬೇರೆಯಾದರೂ ಅವುಗಳ ನಡುವಿನ ಫೇಸ್ (ಸುತ್ತಿನಲ್ಲಿ ಕೋನದ ವ್ಯತ್ಯಾಸ) 18 ಡಿಗ್ರಿ ತಪ್ಪಾಗುತ್ತದೆ. ಸಮತೋಲನ ದೋಷವನ್ನೂ ಶಾಫ್ಟ್ ಜೋಡಣೆಯ ದೋಷವನ್ನೂ ಬೇರ್ಪಡಿಸಿ ಗುರುತಿಸಲು ತಜ್ಞರು ನೆಚ್ಚಿಕೊಳ್ಳುವುದು ಇದೇ ಫೇಸ್ ಅನ್ನು. ಹೀಗಾಗಿ ಜಾಲದ ಮೂಲಕ ಗಡಿಯಾರ ಹೊಂದಿಸುವ, ಮಿಲಿಸೆಕೆಂಡ್ ಮಟ್ಟದ ಎನ್‌ಟಿಪಿಯನ್ನು ಲಾಗ್‌ಗಳಿಗೆ ಸೀಮಿತಗೊಳಿಸಿ, ಮಾದರಿಗಳಿಗೆ ಎಲ್ಲ ಮಾಡ್ಯೂಲ್‌ಗಳೂ ಹಂಚಿಕೊಂಡ ಗಡಿಯಾರವನ್ನೋ ಎನ್‌ಟಿಪಿಗಿಂತ ನಿಖರವಾದ ಐಇಇಇ 1588 ಪಿಟಿಪಿಯನ್ನೋ ಬಳಸಿ. ಸಮಯದ ಮುದ್ರೆಯನ್ನು ಹಾರ್ಡ್‌ವೇರ್ ಒತ್ತಬೇಕೇ ಹೊರತು ದತ್ತಾಂಶ ಕೈಸೇರಿದ ಮೇಲೆ ಸರ್ವರ್ ಒತ್ತಬಾರದು.

ಎಲ್ಲ ಕಚ್ಚಾ ತರಂಗರೂಪಗಳನ್ನೂ ಶಾಶ್ವತವಾಗಿ ಇಡುವುದು ಅಗತ್ಯವಿಲ್ಲ. ಪ್ರತಿ ಚಾನೆಲ್‌ನಿಂದ ಸೆಕೆಂಡಿಗೊಮ್ಮೆ ಆರ್‌ಎಂಎಸ್ (ಒಟ್ಟಾರೆ ಕಂಪನದ ವರ್ಗಮೂಲ ಸರಾಸರಿ), ಶಿಖರ ಮೌಲ್ಯ, ಸುತ್ತುವ ಆವರ್ತನದ ಒಂದನೇ ಮತ್ತು ಎರಡನೇ ಹಾರ್ಮೋನಿಕ್ (ಗುಣಕ) ಮುಂತಾದ ಇಪ್ಪತ್ತು ಅಂಕಿಗಳನ್ನು ಉಳಿಸಿದರೂ ದಿನಕ್ಕೆ ಎರಡು ಗಿಗಾಬೈಟ್‌ಗಿಂತ ಕಡಿಮೆ ಜಾಗ ಸಾಕು. ಕೊನೆಯ ಎರಡು ನಿಮಿಷಗಳ ಕಚ್ಚಾ ದತ್ತಾಂಶವನ್ನು ಮೆಮೊರಿಯ ವರ್ತುಲ ಬಫರ್‌ನಲ್ಲಿ ಇರಿಸಿಕೊಳ್ಳಿ. ಅದಕ್ಕೆ ಸುಮಾರು 6.3 ಗಿಗಾಬೈಟ್ ಬೇಕು. ಅಲಾರಂ ಬಂದ ಕೂಡಲೇ ಅದನ್ನು ಡಿಸ್ಕ್‌ಗೆ ಇಳಿಸಿದರೆ ಘಟನೆಗೆ ಮುಂಚಿನ ಸ್ಥಿತಿಯೂ ಕೈಗೆ ಸಿಗುತ್ತದೆ. ಯಂತ್ರ ವೇಗ ಹಿಡಿಯುವ ಮತ್ತು ನಿಲ್ಲುವ ಹೊತ್ತಿನ ದತ್ತಾಂಶವನ್ನು ಮಾತ್ರ ಪೂರ್ಣವಾಗಿ ಉಳಿಸಿ, ಏಕೆಂದರೆ ರೋಟರ್‌ನ ಕ್ರಿಟಿಕಲ್ ವೇಗಗಳು (ಕಂಪನ ತಾನಾಗಿ ಹೆಚ್ಚುವ ವೇಗಗಳು) ಕಾಣುವುದು ಆಗಲೇ.

ಪ್ರತಿಯೊಂದು ಅಳತೆಗೂ ಅದರ ಗುಣಮಟ್ಟದ ಗುರುತು ಇರಲಿ. ಒಳಗೇ ಎಲೆಕ್ಟ್ರಾನಿಕ್ಸ್ ಇರುವ ಐಇಪಿಇ ಬಗೆಯ ಆಕ್ಸೆಲರೋಮೀಟರ್‌ನ (ಕಂಪನ ಸೆನ್ಸರ್‌ನ) ಬಯಾಸ್ ವೋಲ್ಟೇಜ್, ಅಂದರೆ ಕಂಪನವಿಲ್ಲದಾಗಲೂ ಇರುವ ಸ್ಥಿರ ವೋಲ್ಟೇಜ್, ಸಾಮಾನ್ಯವಾಗಿ 8ರಿಂದ 12 ವೋಲ್ಟ್ ಇರುತ್ತದೆ. ಕೇಬಲ್ ತುಂಡಾದರೆ ಅದು ಪೂರೈಕೆಯ ವೋಲ್ಟೇಜ್‌ಗೆ ಏರುತ್ತದೆ, ಶಾರ್ಟ್ ಆದರೆ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಇದನ್ನು ಗಮನಿಸದ ತಂತ್ರಾಂಶ ತುಂಡಾದ ಕೇಬಲ್‌ನಿಂದ ಬರುವ ಶೂನ್ಯ ಕಂಪನವನ್ನು ಉತ್ತಮ ಆರೋಗ್ಯವೆಂದು ತೋರಿಸುತ್ತದೆ. ಅಲಾರಂಗಳಿಗೆ ಯಂತ್ರ ಕಂಪನದ ಮಾನದಂಡವಾದ ಐಎಸ್‌ಒ 20816 ಶ್ರೇಣಿಯ ವಲಯಗಳನ್ನು ಆಧಾರವಾಗಿ ಹಿಡಿದು, ಪ್ರತಿ ಮಿತಿಗೂ ಕೆಲವು ಸೆಕೆಂಡ್‌ಗಳ ವಿಳಂಬವನ್ನೂ ಏರುವ ಮತ್ತು ಇಳಿಯುವ ಮಿತಿಗಳ ನಡುವೆ ಅಂತರವನ್ನೂ ಕೊಡಿ. ಯಂತ್ರವನ್ನು ಟ್ರಿಪ್ ಮಾಡುವ, ಅಂದರೆ ತಾನಾಗಿ ನಿಲ್ಲಿಸುವ, ಹೊಣೆಯನ್ನು ಮಾತ್ರ ಈ ಸರ್ವರ್‌ಗೆ ವಹಿಸಲೇಬೇಡಿ. ಅದು ಯಂತ್ರ ರಕ್ಷಣೆಯ ಮಾನದಂಡವಾದ ಎಪಿಐ 670ಕ್ಕೆ ಅನುಗುಣವಾದ ಪ್ರತ್ಯೇಕ ರಕ್ಷಣಾ ಹಾರ್ಡ್‌ವೇರ್‌ನ ಕೆಲಸ.

ಪರೀಕ್ಷೆಯನ್ನು ಸೆನ್ಸರ್‌ನಿಂದ ಪರದೆಯವರೆಗೆ ನಡೆಸಬೇಕು. ಕೈಯಲ್ಲಿ ಹಿಡಿಯುವ ಕ್ಯಾಲಿಬ್ರೇಟರ್‌ಗಳಲ್ಲಿ ಹಲವು 159.2 ಹರ್ಟ್ಸ್‌ನಲ್ಲಿ 10 ಮೀ/ಸೆ² ಆರ್‌ಎಂಎಸ್ ವೇಗ ವರ್ಧನೆಯ ಕಂಪನ ಕೊಡುತ್ತವೆ. ಆ ಆವರ್ತನದಲ್ಲಿ ವೇಗ 10 ಮಿ.ಮೀ/ಸೆ, ಸ್ಥಾನಪಲ್ಲಟ 10 ಮೈಕ್ರೋಮೀಟರ್ ಆಗುವುದರಿಂದ ಪರದೆಯ ಮೂರೂ ಕಡೆ ಹತ್ತು ಎಂದೇ ಕಾಣಬೇಕು. ವೇಗ ವರ್ಧನೆ ಸುಮಾರು 98 ಎಂದು ಬಂದರೆ ಕೋಷ್ಟಕದಲ್ಲಿ ಜಿ (ಗುರುತ್ವದ ವೇಗ ವರ್ಧನೆಯ ಏಕಮಾನ) ಮತ್ತು ಮೀ/ಸೆ² ಅದಲುಬದಲಾಗಿವೆ. ವೇಗವೊಂದೇ ತಪ್ಪಿದ್ದರೆ ವೇಗ ವರ್ಧನೆಯಿಂದ ವೇಗವನ್ನು ಲೆಕ್ಕ ಹಾಕುವ ಇಂಟಿಗ್ರೇಷನ್ ಅಥವಾ ಅದರ ಹೈಪಾಸ್ ಫಿಲ್ಟರ್ ನೋಡಿ. ಕ್ಯಾಲಿಬ್ರೇಟರ್ ಒಂದು ಸೆನ್ಸರ್‌ನ ಮೇಲಿರುವಾಗ ಬೇರೆ ಚಾನೆಲ್‌ನಲ್ಲಿ ಅಂಕಿ ಏರಿದರೆ ವೈರಿಂಗ್ ಅಥವಾ ಕೋಷ್ಟಕದ ಸಾಲು ತಿರುಗುಮುರುಗಾಗಿದೆ ಎಂದರ್ಥ. ನಂತರ ಒಂದು ಕೇಬಲ್ ಕಳಚಿ, ಆ ಚಾನೆಲ್ ಕೆಟ್ಟಿದೆ ಎಂಬ ಗುರುತು ಬರುವುದನ್ನೂ ಕಂಪನದ ಅಲಾರಂ ಬಾರದಿರುವುದನ್ನೂ ಖಚಿತಪಡಿಸಿಕೊಳ್ಳಿ. ಪರೀಕ್ಷೆಯ ದಿನಾಂಕ ಮತ್ತು ಫಲಿತಾಂಶವನ್ನು ಆಯಾ ಚಾನೆಲ್‌ನ ಸಾಲಿನಲ್ಲಿಯೇ ದಾಖಲಿಸಿ, ಸೆನ್ಸರ್ ಅಥವಾ ಕೇಬಲ್ ಬದಲಾದಾಗಲೆಲ್ಲ ಮತ್ತೆ ನಡೆಸಿ.